ಗಾಳಿ ಬಿಟ್ಟರೆ ಗಾಡಿ ಓಡುತ್ತದೆ

ಬಾಡಿಗೆಗೆ ತರುವುದರಲ್ಲಿ ನಾವು ಪಳಗಿದ ಜನ. ಮನೆ, ಮಳಿಗೆಯ ಮಾತು ಬಿಡಿ. ಮದುವೆಗೆ ಶಾಮಿಯಾನ, ಕುರ್ಚಿ, ಕೊಳಗ, ಸೌಟು, ಕೊನೆಗೆ ಮದುಮಗ ಏರುವ ಕುದುರೆಯನ್ನೂ ಬಾಡಿಗೆಗೆ ತಂದವರು. ನನ್ನ ವಾರಿಗೆಯವರಿಗೆ ಗಂಟೆ ಲೆಕ್ಕದ ಸೈಕಲ್ ನೆನಪಿರಬೇಕು. ಸೈಕಲ್ ಶಾಪಿನವನು ಗ್ರೀಸ್ ಮೆತ್ತಿದ ನೋಟ್‌ಬುಕ್ಕಿನಲ್ಲಿ ಹುಡುಗನ ಹೆಸರು, ಅವನಪ್ಪನ ಹೆಸರು, ಹೊರಟ ಹೊತ್ತು ಇಷ್ಟನ್ನು ಬರೆದುಕೊಂಡರೆ ಕರಾರು ಮುಗಿಯಿತು. ಬ್ರೇಕ್ ಇದೆಯೋ ಇಲ್ಲವೋ ಅನ್ನುವುದು ಇಳಿಜಾರಿನಲ್ಲಿ ತಾನಾಗಿ ತಿಳಿಯುತ್ತಿತ್ತು. ಅಪ್ಪನ ಹೆಸರೇ ಡಿಪಾಸಿಟ್ಟು. ತಡವಾಗಿ ತಂದರೆ ಕೊಡಬೇಕಾದ ಹೆಚ್ಚಿನ ಕಾಸಿಗಿಂತ, "ನಿಮ್ಮಪ್ಪನಿಗೆ ಹೇಳ್ತೀನಿ ತಾಳು" ಅನ್ನುವ ಮಾತಿಗೇ ಎದೆ ನಡುಗುತ್ತಿತ್ತು.

ಅಂಥವರು ಹೋಗಿ ಆಸ್ಟ್ರೇಲಿಯಾದಲ್ಲಿ ಫೋರ್ ವ್ಹೀಲ್ ಡ್ರೈವ್ ಗಾಡಿ ಬಾಡಿಗೆಗೆ ಕೇಳಿದರೆ ಏನಾಗುತ್ತದೆ ಗೊತ್ತೆ? ಮೊದಲು ಪಾಠ ಆಗುತ್ತದೆ. ರೇನ್‌ಬೋ ಬೀಚ್ ಅಂತ ಒಂದು ಪುಟ್ಟ ಊರು, ಬ್ರಿಸ್ಬೇನಿನಿಂದ ಉತ್ತರಕ್ಕೆ ಮೂರು ಗಂಟೆಯ ದಾರಿ. ಅಲ್ಲಿನ ಬಾಡಿಗೆ ಅಂಗಡಿಯಲ್ಲಿ ನನ್ನನ್ನು, ಅಕ್ಕನನ್ನು, ಭಾವನನ್ನು, ಅವರ ಮಗ ಪುಟ್ಟನನ್ನು (ಪುಟ್ಟನಿಗೆ ಈಗ ತಲೆ ನರೆಯುತ್ತಿದೆ, ಹೆಸರು ಮಾತ್ರ ಹಾಗೇ ಉಳಿದಿದೆ) ಸಾಲಾಗಿ ಕೂರಿಸಿ ವಿಡಿಯೋ ತೋರಿಸಿದರು. ಆಮೇಲೆ ಒಬ್ಬ ಹುಡುಗ ಬಂದು ಬಾಯಿಪಾಠ ಒಪ್ಪಿಸಿದ. ಉಪ್ಪುನೀರಿಗೆ ಇಳಿಸಬಾರದು. ಕತ್ತಲಾದ ಮೇಲೆ ಓಡಿಸಬಾರದು. ಕರಾರಿನಲ್ಲಿ ಹೆಸರಿಲ್ಲದವರು ಸ್ಟೇರಿಂಗ್ ಮುಟ್ಟಬಾರದು. ವೇಗದಲ್ಲಿರುವಾಗ ಗಕ್ಕನೆ ತಿರುಗಿಸಿದರೆ ಮಗುಚುತ್ತದೆ. ಉಪ್ಪುನೀರು ತಾಗಿ ಏನೇ ಕೆಟ್ಟರೂ ಇನ್ಶೂರೆನ್ಸ್ ಬರುವುದಿಲ್ಲ, ನಿಮ್ಮ ಡಿಪಾಸಿಟ್ಟು ನಮ್ಮದು. ಇದೆಲ್ಲ ಆದ ಮೇಲೆ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ ಒಂದೊಂದು ಗೀರಿಗೂ ಫೋಟೋ. ಭಾವ ಮೊಣಕಾಲೂರಿ ಬಂಪರ್ ಕೆಳಗೆ ಇಣುಕಿ, "ಇಲ್ಲೊಂದಿದೆ, ಇದನ್ನೂ ತೆಗಿ" ಅಂತ ಎರಡು ಗೀರು ಹೆಚ್ಚಾಗಿಯೇ ಹುಡುಕಿಕೊಟ್ಟರು. ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ರಿಟೈರ್ ಆದವರು ಅವರು. ಅಳತೆ ಪುಸ್ತಕದಲ್ಲಿ ಏರದ ಕೆಲಸ ಕೆಲಸವೇ ಅಲ್ಲ ಅನ್ನುವ ಪಂಗಡ.

ಇಷ್ಟೆಲ್ಲ ತಾಪತ್ರಯ ಯಾಕೆ, ನಿಮ್ಮ ಪುಟ್ಟನ ಹತ್ತಿರ ಕಾರಿರಲಿಲ್ಲವೆ ಎಂದು ಕೇಳಬಹುದು. ಇತ್ತು, ಚೆನ್ನಾಗಿಯೇ ಇತ್ತು. ಆದರೆ ನಾವು ಹೊರಟ ದ್ವೀಪಕ್ಕೆ ಅದು ಆಗಿಬರುವುದಿಲ್ಲ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ ಅದು. ಉದ್ದ ಸುಮಾರು 120 ಕಿ.ಮೀ. ಮೊನ್ನೆ ಮೊನ್ನೆಯವರೆಗೆ ಫ್ರೇಸರ್ ಐಲ್ಯಾಂಡ್ ಅನ್ನುತ್ತಿದ್ದರು. 2023ರ ಜೂನ್‌ನಲ್ಲಿ ಅಲ್ಲಿನ ಮೂಲನಿವಾಸಿ ಬುಚ್ಚುಲ್ಲಾ ಜನರ ಹೆಸರಾದ ಕ್'ಗರಿಯನ್ನೇ ಸರ್ಕಾರ ಅಧಿಕೃತವಾಗಿ ಮತ್ತೆ ಇಟ್ಟಿತು. ಬರೆಯುವಾಗ ಮಾತ್ರ ಕಕಾರ, ಬಾಯಲ್ಲಿ ಅದು ಬರುವುದಿಲ್ಲ. ದಕ್ಷಿಣದ ನದಿಗಳು ಕಡಲಿಗೆ ಸುರಿದ ಮರಳನ್ನು ತೀರದ ಸೆಳೆತ ಲಕ್ಷಾಂತರ ವರ್ಷ ಉತ್ತರಕ್ಕೆ ಹೊತ್ತು ತಂದು ಗುಡ್ಡೆ ಹಾಕಿದ್ದೇ ಈ ದ್ವೀಪ. ಅಗೆದಷ್ಟೂ ಮರಳು. ಹಳ್ಳಿಯಿಂದ ಹಳ್ಳಿಗೆ, ಕೆರೆಯಿಂದ ಕೆರೆಗೆ ಹೋಗುವ ಹಾದಿಗೆ ಡಾಂಬರಿಲ್ಲ. ನಾಲ್ಕೂ ಚಕ್ರಕ್ಕೆ ಕಸುವಿರುವ, ಹೊಟ್ಟೆ ನೆಲಕ್ಕೆ ತಾಗದಷ್ಟು ಎತ್ತರದ ಗಾಡಿಯೇ ಬೇಕು. ಸಾಲದ್ದಕ್ಕೆ, ಸರ್ಕಾರದ ಪರ್ಮಿಟ್ ಬೇರೆ.

"ಹಾಗಾದ್ರೆ ಹೈವೇ ಎಲ್ಲಿ?" ಎಂದರು ಭಾವ. ಪುಟ್ಟ ಕಡಲ ದಂಡೆ ತೋರಿಸಿದ. ತಮಾಷೆಯಲ್ಲ. ದ್ವೀಪದ ಪೂರ್ವಕ್ಕಿರುವ ಸೆವೆಂಟಿ ಫೈವ್ ಮೈಲ್ ಬೀಚ್ ಕಾನೂನಿನ ಪ್ರಕಾರ ರಸ್ತೆ. ಗಂಟೆಗೆ 80 ಕಿ.ಮೀ. ವೇಗಮಿತಿಯ ಬೋರ್ಡಿದೆ, ಸೀಟ್ ಬೆಲ್ಟ್ ಹಾಕದಿದ್ದರೆ ದಂಡವಿದೆ, ಪೊಲೀಸರಿದ್ದಾರೆ. ಎದುರು ಬರುವವನು ಎಡಗಡೆಯ ಇಂಡಿಕೇಟರ್ ಹಾಕಿದರೆ ಅವನು ತನ್ನ ಎಡಕ್ಕೇ ಇರುತ್ತಾನೆ ಅಂತ ಅರ್ಥ, ನೀವೂ ಹಾಗೇ ಮಾಡಬೇಕು. ಇದೇ ರಸ್ತೆಯ ಮೇಲೆ ಸಣ್ಣ ವಿಮಾನಗಳೂ ಇಳಿಯುತ್ತವೆ! ವಿಮಾನ ಬಂದರೆ ಬದಿಗೆ ಸರಿದು ದಾರಿ ಬಿಡಬೇಕು. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೈವೇ ಇರುವುದನ್ನು ನಾವು ನೆಂಟರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇವಲ್ಲ, ಅಲ್ಲಿ ಸಮುದ್ರ ಪಕ್ಕದಲ್ಲಿದೆ. ಇಲ್ಲಿ ದಿನಕ್ಕೆ ಎರಡು ಸಲ ಸಮುದ್ರವೇ ರಸ್ತೆಯ ಮೇಲೆ ಬರುತ್ತದೆ. ಭಾವ ಬಹಳ ಹೊತ್ತು ಸುಮ್ಮನೆ ನೋಡಿದರು. "ದಿನಕ್ಕೆ ಎರಡು ಸಲ ಹೊಸದಾಗಿ ರಸ್ತೆ. ಟೆಂಡರ್ ಇಲ್ಲ, ಕಂಟ್ರಾಕ್ಟರ್ ಇಲ್ಲ, ಬಿಲ್ಲೂ ಇಲ್ಲ" ಎಂದರು. ಹೊಟ್ಟೆಕಿಚ್ಚೋ ಮೆಚ್ಚುಗೆಯೋ ತಿಳಿಯಲಿಲ್ಲ.

ಎರಡು ಸಲ ಬರುವ ಆ ಸಮುದ್ರದ ವೇಳಾಪಟ್ಟಿಯನ್ನು ಅಂಗಡಿಯ ಹುಡುಗ ಒಂದು ಚೀಟಿಯಲ್ಲಿ ಕೊಟ್ಟಿದ್ದ. ಭರತ ಇಷ್ಟು ಹೊತ್ತಿಗೆ, ಇಳಿತ ಇಷ್ಟು ಹೊತ್ತಿಗೆ. ಭರತದ ಹಿಂದಿನ ಎರಡು ಗಂಟೆ, ಮುಂದಿನ ಎರಡು ಗಂಟೆ ದಂಡೆಯ ಮೇಲೆ ಗಾಡಿ ಇಳಿಸಕೂಡದು. ಆ ಚೀಟಿ ಅಕ್ಕನ ಪಾಲಾಯಿತು. ಅವಳಾದರೋ ರಾಹುಕಾಲ, ಗುಳಿಕಕಾಲ ನೋಡದೆ ತರಕಾರಿಗೂ ಹೋಗುವವಳಲ್ಲ. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ರಾಹುಕಾಲವನ್ನು ಬೆಂಗಳೂರಿನ ಹೊತ್ತಿಗೆ ಲೆಕ್ಕ ಹಾಕಬೇಕೋ ಬ್ರಿಸ್ಬೇನಿನ ಹೊತ್ತಿಗೋ ಎಂದು ತಲೆ ಕೆಡಿಸಿಕೊಂಡಿದ್ದಳು. ಸೂರ್ಯೋದಯದಿಂದ ಲೆಕ್ಕ ಹಾಕುವುದಲ್ಲವೆ, ಎಲ್ಲಿ ಇದ್ದೀಯೋ ಅಲ್ಲಿನದೇ ಎಂದು ನಾನು ಹೇಳಿದ್ದು ಅವಳಿಗೆ ಒಪ್ಪಿಗೆಯಾಗಿರಲಿಲ್ಲ. ಪಂಚಾಂಗ ಮೈಸೂರಿನಲ್ಲಿ ಅಚ್ಚಾದದ್ದು. ಈ ಚೀಟಿಯನ್ನು ನೋಡಿದ್ದೇ ತಡ ಅವಳ ಮುಖ ಅರಳಿತು. "ನೋಡಿದ್ರಾ? ನನ್ನ ನೋಡಿ ನಗ್ತಿದ್ರಲ್ಲ ಅಪ್ಪ ಮಗ. ಇಲ್ಲಿ ಸರ್ಕಾರದೋರೇ ಕೂಡದ ಕಾಲ ಬರೆದು ಕೊಟ್ಟಿದಾರೆ!" ಅಲ್ಲಿಂದ ಮುಂದೆ ನಮ್ಮ ಪ್ರಯಾಣದ ಯಜಮಾನಿಕೆ ಅವಳದೇ. ಕಾಫಿ ಕುಡಿಯುವುದಕ್ಕೂ ಚೀಟಿ ನೋಡಿ ಹೂಂ ಅನ್ನುತ್ತಿದ್ದಳು.

ಊರಿನಿಂದ ಸ್ವಲ್ಪ ಮುಂದೆ ಇನ್‌ಸ್ಕಿಪ್ ಪಾಯಿಂಟ್. ಅಲ್ಲಿ ನೆಲ ಮುಗಿಯುತ್ತದೆ. ಬಾರ್ಜ್ ಬಂದು ಮರಳಿಗೇ ಮೂತಿ ಊರಿ ಬಾಯಿ ತೆರೆಯುತ್ತದೆ, ಗಾಡಿಗಳು ಒಳಕ್ಕೆ ಹೋಗುತ್ತವೆ. ಸರದಿಯಲ್ಲಿ ಒಂದು ಐದು ಬಾಗಿಲಿನ ಜಿಮ್ನಿ ನಿಂತಿತ್ತು. ಆಸ್ಟ್ರೇಲಿಯಾದಲ್ಲಿ ಮಾರುವ ಆ ಗಾಡಿ ತಯಾರಾಗುವುದು ನಮ್ಮ ಗುರುಗ್ರಾಮದಲ್ಲಿ. ಇದು ತಿಳಿದದ್ದೇ ಭಾವ ಇಳಿದು ಹೋಗಿ ಅದರ ಬಾನೆಟ್ ಸವರಿ ಬಂದರು. ಮಾಲೀಕ ಗಾಬರಿಯಾದ. ನಮ್ಮದು ಲ್ಯಾಂಡ್ ಕ್ರೂಸರ್. ಆದರೆ ಅವರ ಮನಸ್ಸು ಇಡೀ ದಾರಿ ಆ ಜಿಮ್ನಿಯ ಹಿಂದೆಯೇ ಓಡುತ್ತಿತ್ತು.

ಬಾರ್ಜಿಗೆ ಮುನ್ನ ಇರುವ ಆ ಚೂರು ದಾರಿಯ ಮರಳು ಸಕ್ಕರೆ ಪುಡಿ. ಗಾಡಿ ಹೂತುಕೊಳ್ಳುವುದಕ್ಕೆ ಅದು ಹೆಸರಾದ ಜಾಗ. ನಮ್ಮೆದುರಿಗೇ ಒಂದು ಎಳೆಯ ಜೋಡಿಯ ಗಾಡಿ ಕೂತುಬಿಟ್ಟಿತು. ಪಾಪ, ಹುಡುಗ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಒಂದೊಂದು ಬಾವಿ ತೋಡಿತು. ಗಾಡಿ ಹೂತಲ್ಲಿ ಜನ ಸೇರುವುದು, ಸೇರಿದವರು ಸಲಹೆ ಕೊಡುವುದು ನಮ್ಮ ದೇಶದ್ದೇ ಅಂದುಕೊಂಡಿದ್ದೆ. ಅಲ್ಲಿಯೂ ಅಷ್ಟೇ. ಒಬ್ಬ ಹಿಂದಕ್ಕೆ ಎಂದ, ಒಬ್ಬ ಮುಂದಕ್ಕೆ ಎಂದ, ಒಬ್ಬಾಕೆ ಕೈಯಲ್ಲಿ ಬಿಯರ್ ಹಿಡಿದೇ ಸ್ಟೇರಿಂಗ್ ನೇರ ಮಾಡು ಎಂದಳು. ಭಾವ ಕನ್ನಡದಲ್ಲೇ, "ಕಲ್ಲು ಕೊಡ್ರೋ ಚಕ್ರಕ್ಕೆ" ಎಂದರು. ಕಲ್ಲೆಲ್ಲಿ ತರುವುದು ಹೇಳಿ! ಅಷ್ಟರಲ್ಲಿ ಸಲಿಕೆ ಹಿಡಿದು ಬಂದ ಮುದುಕರೊಬ್ಬರು ಯಾರ ಮಾತಿಗೂ ಕಿವಿಗೊಡದೆ ಕುಕ್ಕರುಗಾಲಲ್ಲಿ ಕೂತು ಟೈರಿನ ವಾಲ್ವ್ ಬಿಚ್ಚಿ ಗಾಳಿ ಬಿಟ್ಟರು. ಸುಯ್ಯ್ ಅಂತ ಸದ್ದು. ನಾಲ್ಕೂ ಚಕ್ರ ಮುಗಿಸಿ, ಹಿಂದಿನ ಮರಳು ಕೆದರಿ, ಎರಡು ಪ್ಲಾಸ್ಟಿಕ್ ಹಲಗೆ ತುರುಕಿದರು. ಹುಡುಗ ತಾನು ಬಂದ ಜಾಡಿನಲ್ಲೇ ಹಿಂದಕ್ಕೆ ಬಂದ. ಮುಗಿಯಿತು. ಮುದುಕರು ಚಪ್ಪಾಳೆಗೂ ನಿಲ್ಲಲಿಲ್ಲ.

ಗಾಳಿಯ ವಿಷಯ ಬಂತಲ್ಲ, ಇದೊಂದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಗಾಡಿ ಓಡಬೇಕಾದರೆ ಟೈರಿಗೆ ಗಾಳಿ ಹೊಡೆಸಬೇಕು ಎಂದು ಹುಟ್ಟಿದಾಗಿನಿಂದ ಕೇಳಿದ್ದೇವೆ. ಬಂಕಿನ ಮೂಲೆಯಲ್ಲಿ ಪೈಪು ಹಿಡಿದು ಕೂತವನಿಗೆ ಐದು ರೂಪಾಯಿ ಕೊಟ್ಟು, "ಮುಂದೆ ಮೂವತ್ತು, ಹಿಂದೆ ಮೂವತ್ಮೂರು" ಎಂದು ಹೇಳಿದ ಬಾಯಿ ಇದು. ಮರಳಿನಲ್ಲಿ ಲೆಕ್ಕ ಉಲ್ಟಾ. ಡಾಂಬರಿನ ಮೇಲೆ 35, 40 ಪೌಂಡ್ ಇರುವ ಗಾಳಿಯನ್ನು ಹದಿನೆಂಟರ ಆಸುಪಾಸಿಗೆ ಇಳಿಸಬೇಕು. ಆಗ ಟೈರು ಕೆಳಗೆ ಉದ್ದಕ್ಕೆ ಹರಡಿಕೊಳ್ಳುತ್ತದೆ, ಗಾಡಿಯ ಭಾರ ಹೆಚ್ಚು ಮರಳಿನ ಮೇಲೆ ಹಂಚಿಹೋಗುತ್ತದೆ, ಒತ್ತಡ ಕಡಿಮೆಯಾಗಿ ಚಕ್ರ ಕುಸಿಯುವ ಬದಲು ಮೇಲೆ ತೇಲುತ್ತದೆ. ಬಿಗಿಯಾಗಿ ಉಬ್ಬಿದ ಟೈರು ಚಾಕುವಿನಂತೆ ಮರಳನ್ನು ಸೀಳಿ ಇಳಿದುಬಿಡುತ್ತದೆ. ಇಷ್ಟೇ ಗುಟ್ಟು. ಎಂಜಿನ್ನಿಗೆ ಎಷ್ಟು ಕುದುರೆ ಶಕ್ತಿ, ಗಾಡಿ ಎಷ್ಟು ಲಕ್ಷದ್ದು ಅನ್ನುವುದೆಲ್ಲ ಆಮೇಲೆ. ನಾಲ್ಕು ಚಕ್ರದ ಎದುರು ಕುಕ್ಕರುಗಾಲಲ್ಲಿ ಕೂರದೆ ಯಾವ ಶ್ರೀಮಂತನಿಗೂ ಆ ದ್ವೀಪಕ್ಕೆ ಪ್ರವೇಶವಿಲ್ಲ. ಮತ್ತೆ ಡಾಂಬರಿಗೆ ಬಂದಾಗ ತುಂಬಿಸಿಕೊಳ್ಳಲೂ ಮರೆಯಬಾರದು, ಇಲ್ಲದಿದ್ದರೆ ಟೈರು ಕಾದು ಹಾಳಾಗುತ್ತದೆ.

ದಂಡೆಯ ಮೇಲೆ ಗಾಡಿ ಹಾರಿಕೊಂಡು ಹೋಯಿತು. ಒಳಗಿನ ದಾರಿಯ ಕಥೆ ಬೇರೆ. ಯೂರಾಂಗ್ ಎಂಬಲ್ಲಿ ಕಾಡಿಗೆ ತಿರುಗಿದರೆ ಒಂದೇ ಗಾಡಿಯ ಅಗಲದ ಮರಳ ಜಾಡು, ಮೇಲಿನ ಮಿತಿ ಗಂಟೆಗೆ 30 ಕಿ.ಮೀ. ಆದರೂ ಅಷ್ಟು ವೇಗ ಯಾರಿಗೆ ಬೇಕು? ಬೆಳಿಗ್ಗೆ ತಿಂದ ಉಪ್ಪಿಟ್ಟು ಒಳಗೇ ಮತ್ತೊಮ್ಮೆ ಒಗ್ಗರಣೆ ಹಾಕಿಸಿಕೊಂಡಿತು. ಕೊಡಚಾದ್ರಿಗೆ ಜೀಪಿನಲ್ಲಿ ಹತ್ತಿದವರಿಗೆ ಈ ಸುಖ ಗೊತ್ತು. ಆದರೆ ಕೊಡಚಾದ್ರಿಯಲ್ಲಿ ಡ್ರೈವರ್ ನಮ್ಮವನಲ್ಲ. ಅವನು ಒಂದು ಕೈಯಲ್ಲಿ ಮೊಬೈಲ್ ಹಿಡಿದು, ತಿರುವಿನಲ್ಲಿ ಹಿಂದೆ ತಿರುಗಿ ಕಥೆ ಹೇಳುತ್ತಾನೆ, ನಾವು ದೇವರನ್ನು ನೆನೆದು ಕೂತಿರುತ್ತೇವೆ. ಇಲ್ಲಿ ಓಡಿಸುವವನು ಮನೆಯ ಮಗನೇ ಆದ್ದರಿಂದ ಬೈಯುವ ಅಧಿಕಾರ ಎಲ್ಲರಿಗೂ ಇತ್ತು. ಭಾವನ ಹೆಸರು ಕರಾರಿನಲ್ಲಿರಲಿಲ್ಲ. ಎಡಗಡೆಯ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಬಲಗಾಲಿನಲ್ಲಿ ಒತ್ತುತ್ತಲೇ ಇದ್ದರು. "ಮರಳಲ್ಲಿ ಬ್ರೇಕ್ ಹಾಕಬಾರದು ಅಪ್ಪ, ತಾನಾಗೇ ನಿಲ್ಲುತ್ತೆ" ಎಂದ ಪುಟ್ಟ. "ನಿಲ್ಲೋದು ಗೊತ್ತು, ಎಲ್ಲಿ ಅಂತ ಹೇಳು."

ಮರಳಿನ ಮೇಲೆ ಏನು ಬೆಳೆದೀತು ಎಂದು ನೀವು ಕೇಳುವುದಾದರೆ, ನಾನೂ ಹಾಗೇ ಕೇಳಿದ್ದೆ. ಬೆಳೆದಿರುವುದು ಮಳೆಕಾಡು. ಕತ್ತು ನೋಯುವಷ್ಟು ಎತ್ತರದ ಸ್ಯಾಟಿನೇ ಮರಗಳು. ಉಪ್ಪುನೀರಿಗೂ ಹುಳಕ್ಕೂ ಜಗ್ಗದ ಮರವೆಂದು ಬಂದರುಗಳ ಕಂಬಕ್ಕಾಗಿ ಕಡಿದು ಸಾಗಿಸುತ್ತಿದ್ದರಂತೆ. ಮರ ಕಡಿಯುವುದು 1991ರಲ್ಲಿ ನಿಂತಿತು, ಮರಳು ಗಣಿ ಅದಕ್ಕೂ ಮೊದಲೇ 1976ರಲ್ಲಿ ನಿಂತಿತ್ತು. 1992ರಲ್ಲಿ ದ್ವೀಪ ಯುನೆಸ್ಕೊ ಪಟ್ಟಿಗೆ ಸೇರಿತು. ಸೆಂಟ್ರಲ್ ಸ್ಟೇಷನ್ ಎಂಬಲ್ಲಿ, ಹಿಂದೆ ಮರ ಕಡಿಯುವವರ ಬಿಡಾರವಿದ್ದ ಜಾಗದಲ್ಲಿ, ವಾಂಗೂಲ್ಬಾ ಎಂಬ ತೊರೆ ಹರಿಯುತ್ತದೆ. ತಳವೆಲ್ಲ ಮರಳಾದ್ದರಿಂದ ಜುಳುಜುಳು ಇಲ್ಲ, ಸದ್ದೇ ಇಲ್ಲ. ನೀರಿದೆ ಎಂದು ಗೊತ್ತಾಗಬೇಕಾದರೆ ಒಂದು ಎಲೆ ತೇಲಿಬರಬೇಕು. ಮಾತು ನಿಲ್ಲಿಸದ ನಮ್ಮ ಮನೆಯವರು ಅಲ್ಲಿ ಎರಡು ನಿಮಿಷ ಬಾಯಿ ಮುಚ್ಚಿದ್ದರು ಎಂಬುದಕ್ಕೆ ನಾನೇ ಸಾಕ್ಷಿ.

ಆಮೇಲೆ ಬೂರಂಗೂರಾ ಕೆರೆ. ಲೇಕ್ ಮೆಕೆಂಝಿ ಎಂದೇ ಪ್ರವಾಸಿಗಳ ಬಾಯಲ್ಲಿ. ಮಳೆ ನೀರು ಬಿಟ್ಟು ಬೇರೆ ಹನಿ ಇಲ್ಲದ ಕೆರೆ. ಕೊಳೆತ ಎಲೆ ಮರಳಿನ ಜೊತೆ ಗಟ್ಟಿಯಾಗಿ ತಳ ಕಟ್ಟಿಕೊಂಡು, ಅದರ ಮೇಲೆ ನೀರು ನಿಂತಿದೆ. ದಂಡೆಯ ಮರಳು ಹೆಚ್ಚುಕಡಿಮೆ ಬರಿಯ ಸಿಲಿಕಾ. ಅಷ್ಟು ಬಿಳಿ, ಅಷ್ಟು ನುಣುಪು. ಅಲ್ಲೊಬ್ಬಳು ಆ ಮರಳಿನಲ್ಲಿ ಬೆಳ್ಳಿ ಉಂಗುರ ತಿಕ್ಕುತ್ತಿದ್ದುದನ್ನು ನೋಡಿದ್ದೇ ಅಕ್ಕ ಸೀರೆ ಮೇಲೆತ್ತಿ ಕಟ್ಟಿ ನೀರಿಗಿಳಿದಳು. ಬಲಗೈಯ ಎರಡು ಬಳೆ ತೆಗೆದು, ಚಿಟಿಕೆ ಮರಳು ಹಾಕಿ, ಹೆಬ್ಬೆರಳಿನಿಂದ ನಿಧಾನವಾಗಿ ಸುತ್ತ ಸುತ್ತ ಉಜ್ಜಿದಳು. ಬಳೆಯ ಮೇಲಿನ ಹೂವಿನ ಕೆತ್ತನೆಯ ಸಂದಿಗಳಲ್ಲಿ ವರ್ಷಗಳಿಂದ ಕೂತಿದ್ದ ಅರಿಸಿನ, ಸೋಪು, ಹಿಟ್ಟು ಎಲ್ಲ ಹೋಗಿ ಹೂವಿನ ಎಸಳು ಒಂದೊಂದಾಗಿ ಕಾಣಿಸಿತು. ಎಡಗೈಯವನ್ನು ಬೇಕೆಂದೇ ಹಾಗೇ ಬಿಟ್ಟು, ಎರಡು ಕೈಯನ್ನೂ ಬಿಸಿಲಿಗೆ ಹಿಡಿದು ಹೋಲಿಸಿ ನೋಡಿದಳು. "ಒಂದು ಡಬ್ಬಿ ತಗೊಂಡು ಹೋದ್ರೆ ದೇವರ ಸಾಮಾನಿಗೆ ಹುಣಸೇಹಣ್ಣೇ ಬೇಡ ಕಣೋ." ಪುಟ್ಟ ಹೌಹಾರಿದ. ರಾಷ್ಟ್ರೀಯ ಉದ್ಯಾನದ ಮರಳು ಒಂದು ಹಿಡಿಯೂ ಹೊರಗೆ ಒಯ್ಯುವಂತಿಲ್ಲ, ಕಾನೂನು ಬಲವಾಗಿದೆ. ಅಕ್ಕನ ಆಸೆ ಅಲ್ಲಿಗೇ ನಿಂತಿತು, ಅಥವಾ ನಿಂತಂತೆ ಕಾಣಿಸಿತು.

ಇನ್ನೊಂದು ಕೆರೆ ಇದೆ, ವ್ಯಾಬಿ. ಗಾಳಿ ನೂಕಿದ ಮರಳಿನ ಗುಡ್ಡವೊಂದು ಮೆಲ್ಲಮೆಲ್ಲಗೆ ಅದನ್ನು ನುಂಗುತ್ತಿದೆ. ಒಂದು ದಡ ಕಾಡು, ಇನ್ನೊಂದು ದಡ ಕಡಿದಾದ ಮರಳು ಇಳಿಜಾರು. ಮೈಸೂರು ಸೀಮೆಯವರಿಗೆ ಇದನ್ನು ನೋಡಿ ತಲಕಾಡು ನೆನಪಾಗದಿದ್ದರೆ ಹೇಗೆ? ಅಲಮೇಲಮ್ಮನ ಶಾಪದಿಂದ ಊರು ಮರಳಾಯಿತು ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಕಾವೇರಿಯ ತಿರುವು, ಗಾಳಿ, ಹಳೆಯ ಕಟ್ಟೆ ಎಂದು ಭೂಗೋಳದವರು ಬೇರೆ ಹೇಳುತ್ತಾರೆ. ಇಲ್ಲಿ ಯಾರ ಶಾಪ ಎಂದಳು ಅಕ್ಕ. ಈ ಮಾತು ಅಷ್ಟೇನೂ ಅಡ್ಡದಾರಿಯಲ್ಲ. 1836ರಲ್ಲಿ ಸ್ಟರ್ಲಿಂಗ್ ಕ್ಯಾಸಲ್ ಎಂಬ ಹಡಗು ಒಡೆದು, ಕಪ್ತಾನನ ಹೆಂಡತಿ ಎಲೈಝಾ ಫ್ರೇಸರ್ ಈ ದ್ವೀಪಕ್ಕೆ ಬಂದು ಬಿದ್ದಳು. ಬುಚ್ಚುಲ್ಲಾ ಜನರ ನಡುವೆ ಕೆಲವು ವಾರ ಇದ್ದಳು, ಆಮೇಲೆ ಅವಳನ್ನು ಕರೆದೊಯ್ದರು. ಲಂಡನ್ನಿಗೆ ಹೋದ ಮೇಲೆ ಅವಳು ಹೇಳಿದ ಕಥೆಗೆ ದಿನದಿನಕ್ಕೂ ರೆಕ್ಕೆಪುಕ್ಕ ಬಂತು. ಉಣ್ಣಿಸಿ ಉಳಿಸಿಕೊಂಡವರಿಗೆ ಕಾಡುಮನುಷ್ಯರೆಂಬ ಹೆಸರು ಬಂತು, ಅವರ ನೆಲಕ್ಕೆ ಅವಳ ಮನೆತನದ ಹೆಸರು ಬಂತು. ಇಂಥದ್ದಕ್ಕೆ ಶಾಪ ಹಾಕಿದ್ದರೂ ತಪ್ಪೇನಿತ್ತು?

ಹೊಟ್ಟೆ ಹಸಿದಿತ್ತು. ಆದರೆ ಚಿತ್ರಾನ್ನದ ಡಬ್ಬಿ ಬಿಚ್ಚಲು ಪುಟ್ಟ ಬಿಡಲೊಲ್ಲ. ಕಾರಣ ಡಿಂಗೊ. ಆಸ್ಟ್ರೇಲಿಯಾದ ಕಾಡುನಾಯಿ, ಬುಚ್ಚುಲ್ಲಾ ಮಾತಿನಲ್ಲಿ ವೊಂಗಾರಿ. ದ್ವೀಪದ ಡಿಂಗೊಗಳು ನಾಡುನಾಯಿಯ ಜೊತೆ ಬೆರೆಯದ ತಳಿಯವು, ಅದಕ್ಕಾಗಿಯೇ ಅಲ್ಲಿಗೆ ಸಾಕುನಾಯಿ ಒಯ್ಯುವುದು ನಿಷಿದ್ಧ. ಅವಕ್ಕೆ ಚೂರು ರೊಟ್ಟಿ ಹಾಕಿದರೂ ಭಾರೀ ದಂಡ. ತಿಂಡಿಯ ರುಚಿ ಹತ್ತಿದ ಡಿಂಗೊ ಮನುಷ್ಯನ ಹೆದರಿಕೆ ಬಿಟ್ಟು ಮೈಮೇಲೆ ಬೀಳುತ್ತದೆ, ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದೆ. ನಾವು ಕಿಟಕಿ ಏರಿಸಿ, ಲ್ಯಾಂಡ್ ಕ್ರೂಸರಿನ ಒಳಗೇ ಚಿತ್ರಾನ್ನ ತಿಂದೆವು. ಒಂದು ಡಿಂಗೊ, ಬಡಕಲು ಮೈ, ಜೇನಿನ ಬಣ್ಣ, ಇಪ್ಪತ್ತಡಿ ದೂರದಲ್ಲಿ ಅತ್ತಿತ್ತ ನೋಡದೆ ತನ್ನ ಪಾಡಿಗೆ ನಡೆದುಹೋಯಿತು. ನಮ್ಮ ಬೀದಿ ನಾಯಿಯಾಗಿದ್ದರೆ ಮೂಗಾದರೂ ಏರಿಸುತ್ತಿತ್ತು. ಒಗ್ಗರಣೆಗೆ ಅವಮಾನವಾಯಿತು ಎಂದು ಅಕ್ಕ ಬೇಸರಪಟ್ಟಳು.

ಅಷ್ಟೊತ್ತಿಗೆ ದಂಡೆಗೆ ಇಳಿಯಲು ಅಕ್ಕನ ಚೀಟಿ ಒಪ್ಪಲಿಲ್ಲ. ಕಾಯಬೇಕು. ಗಾಡಿ ಬಾಡಿಗೆಗೆ ತರುವಾಗ ಎಲ್ಲರೂ ಹೇಳುವುದೇನು? ನಮ್ಮದೇ ಗಾಡಿ, ನಮ್ಮಿಷ್ಟ ಬಂದಾಗ ಹೊರಡಬಹುದು, ಯಾರ ಹಂಗೂ ಇಲ್ಲ ಅಂತ. ಈ ದ್ವೀಪದಲ್ಲಿ ನಮ್ಮಿಷ್ಟಕ್ಕೆ ಬಿಟ್ಟದ್ದು ಕಾಯುವುದೊಂದೇ. ದಿನವೊಂದರಲ್ಲಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು, ನನಗೇನೋ ಅದೇ ಹಿತವಾಗಿತ್ತು. ಮಡಿಸುವ ಕುರ್ಚಿ ಹಾಕಿಕೊಂಡು ಅಕ್ಕಪಕ್ಕದವರೆಲ್ಲ ಮಾತಿಗೆ ಕೂತರು. ಮೀನು ಹಿಡಿಯಲು ಬಂದಿದ್ದ ಒಬ್ಬರು ಮಹೆನೋ ಹಡಗಿನ ಕಥೆ ಹೇಳಿದರು. 1905ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಟ್ಟಿದ ಹಡಗು, ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಗಿತ್ತು. ಮುಪ್ಪಾದ ಮೇಲೆ ಗುಜರಿಗೆ ಮಾರಿ, 1935ರ ಜುಲೈನಲ್ಲಿ ಜಪಾನಿಗೆ ಎಳೆದುಕೊಂಡು ಹೋಗುತ್ತಿರುವಾಗ ಚಂಡಮಾರುತ ಬಂದು ಹಗ್ಗ ಕಿತ್ತು ಇಲ್ಲಿ ಬಂದು ಬಿತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದವರು ಬಾಂಬು ಹಾಕುವ ತಾಲೀಮಿಗೆ ಅದನ್ನೇ ಗುರಿ ಮಾಡಿಕೊಂಡರು. ಇಷ್ಟಾದರೂ ತುಕ್ಕು ಹಿಡಿದ ಪಕ್ಕೆಲುಬುಗಳು ಮರಳಿನಿಂದ ಎದ್ದು ನಿಂತಿವೆ. "ಗುಜರಿಗೆ ಹೋಗೋದು ತಪ್ಪಿಸ್ಕೊಂಡು ಟೂರಿಸ್ಟ್ ಸ್ಪಾಟ್ ಆಗಿದೆ, ರಿಟೈರ್‌ಮೆಂಟ್ ಅಂದ್ರೆ ಹೀಗಿರ್ಬೇಕು" ಎಂದರು ಭಾವ.

ಅವರೇ ಮುಂದೆ ಇಂಡಿಯನ್ ಹೆಡ್ ಎಂಬ ಬಂಡೆಗುಡ್ಡವಿದೆ ಎಂದು ಕೇಳಿ ಎದ್ದು ನಿಂತರು. ನಮ್ಮವರು ಇಲ್ಲಿಗೂ ಬಂದಿದ್ದರೆ? ಎಲ್ಲಿಯ ನಮ್ಮವರು! 1770ರಲ್ಲಿ ಹಡಗಿನಿಂದ ದುರ್ಬೀನು ಹಿಡಿದ ಕ್ಯಾಪ್ಟನ್ ಕುಕ್ ಗುಡ್ಡದ ಮೇಲೆ ನಿಂತ ಬುಚ್ಚುಲ್ಲಾ ಜನರನ್ನು ಕಂಡು, ಕಂಡವರೆಲ್ಲ ಇಂಡಿಯನ್ನರು ಎನ್ನುವ ಆ ಕಾಲದ ಬಿಳಿಯರ ವಾಡಿಕೆಯಂತೆ ಬರೆದುಕೊಂಡು ಹೋದ. ಭಾವ ಮತ್ತೆ ಕೂತರು. ಪುಟ್ಟನ ಗೆಳೆಯನೊಬ್ಬ ಐಸ್‌ಲ್ಯಾಂಡಿನಲ್ಲಿ ಗಾಡಿ ಬಾಡಿಗೆಗೆ ಹಿಡಿದ ಕಥೆ ಆಗ ಬಂತು. ಅಲ್ಲಿ ಗುಡ್ಡದ ದಾರಿಯಲ್ಲಿ ಸೇತುವೆಯಿಲ್ಲದ ನದಿ ದಾಟಬೇಕು, ನೀರು ನುಗ್ಗಿ ಕೆಟ್ಟರೆ ಇನ್ಶೂರೆನ್ಸ್ ಇಲ್ಲ. ಬೂದಿ, ಮರಳು ಬಡಿದು ಬಣ್ಣ ಕಿತ್ತರೆ ಅದಕ್ಕೆ ಬೇರೆ ಇನ್ಶೂರೆನ್ಸ್. ಬಾಗಿಲು ತೆರೆದಾಗ ಗಾಳಿ ಬೀಸಿ ಬಾಗಿಲೇ ಮುರಿದುಕೊಂಡರೆ ಸಾಮಾನ್ಯವಾಗಿ ಯಾವುದೂ ಇಲ್ಲ. ಇದನ್ನು ಕೇಳಿ ಅಕ್ಕ ಐಸ್‌ಲ್ಯಾಂಡಿನ ಚೀಟಿ ಯಾರು ಬರೆಯುತ್ತಾರೆ ಎಂದು ವಿಚಾರಿಸಿದಳು.

ಗಾಡಿ ಒಪ್ಪಿಸುವಾಗ ಅದೇ ಹುಡುಗ ಟಾರ್ಚ್ ಹಿಡಿದು ಅಡಿಗೆ ತೂರಿ, ಉಪ್ಪು ಕೂತಿದೆಯೇ ಎಂದು ಬೆರಳು ಆಡಿಸಿ ನೋಡಿದ. ಇರಲಿಲ್ಲ. ಗೀರುಗಳ ಲೆಕ್ಕ ಸರಿಹೋಯಿತು, ಭಾವ ಹುಡುಕಿಕೊಟ್ಟ ಎರಡೂ ಸೇರಿ. ಕೊನೆಗೆ ಹಿಂದಿನ ಬಾಗಿಲು ತೆಗೆದ. ಅಕ್ಕ ಕೂತಿದ್ದ ಕಡೆ ಕಾಲಡಿಯ ಮ್ಯಾಟಿನ ಮೇಲೆ, ಸೀಟಿನ ಸಂದಿಯಲ್ಲಿ, ಸೀರೆಯ ನೆರಿಗೆಯಿಂದ ಉದುರಿದ ಬಿಳಿ ಮರಳು ಒಂದು ಡಬ್ಬಿಯಷ್ಟಾದರೂ ಇತ್ತು. ಕ್ಲೀನಿಂಗ್ ಚಾರ್ಜ್ ಎಂದ. ಭಾವ ಮುಂದೆ ಬಂದರು. ದ್ವೀಪದ ಮರಳನ್ನು ಯಾರೂ ಒಯ್ಯಬಾರದು ಎಂದು ನಿಮ್ಮ ಕಾನೂನಿದೆ, ನಾವು ಒಯ್ದಿಲ್ಲ, ಒಂದು ಕಾಳೂ ಬಿಡದೆ ನಿಮ್ಮ ಗಾಡಿಯಲ್ಲೇ ಇಟ್ಟು ಒಪ್ಪಿಸಿದ್ದೇವೆ, ಲೆಕ್ಕದ ಪ್ರಕಾರ ನೀವೇ ನಮಗೆ ಸಾಗಾಣಿಕೆ ವೆಚ್ಚ ಕೊಡಬೇಕು ಎಂದು ತಮ್ಮ ಸರ್ಕಾರಿ ಇಂಗ್ಲಿಷಿನಲ್ಲಿ ವಿವರಿಸಿದರು. ಹುಡುಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಚಾರ್ಜ್ ಮಾತ್ರ ಪೂರಾ ಹಿಡಿದುಕೊಂಡ.